‘ರೇಡಿಯೋದಾಗ ಹೇಳ್ಯಾರೇನ್ ತಮ್ಮ?’

ಮೊನ್ನೆ ಆಳಂದದಿಂದ ಕಲಬುರಗಿಗೆ ಬರುವಾಗ ಬಸ್ಸಿನಲ್ಲಿ ಕೇಳಿದ ಎರಡು ಮಾತು ಇನ್ನೂ ತಲೆಯೊಳಗೆ ಕೊರೆಯುತ್ತಿವೆ. ಕಡಗಂಚಿಯಲ್ಲಿ ಹತ್ತಿದ ಹುಡುಗನೊಬ್ಬ ಫೋನಿನ ದನಿ ಏರಿಸಿ ಒಂದು ಆಡಿಯೋ ಹಚ್ಚಿದ. ಯಾವುದೋ ಹೊಸ ಜ್ವರವಂತೆ, ದವಾಖಾನೆ ತುಂಬಿವೆಯಂತೆ, ಸರ್ಕಾರ ಮುಚ್ಚಿಡುತ್ತಿದೆಯಂತೆ. ಹೇಳಿದವನ ಹೆಸರಿಲ್ಲ, ಊರಿಲ್ಲ. ಗಾಬರಿ ಮಾತ್ರ ಬೇಕಾದಷ್ಟು. ಪಕ್ಕದಲ್ಲಿದ್ದ ಧೋತರದ ಹಿರಿಯರು ಕೇಳಿದರು:

“ಇದು ರೇಡಿಯೋದಾಗ ಹೇಳ್ಯಾರೇನ್ ತಮ್ಮ?”

“ರೇಡಿಯೋದಾಗ ಹೇಳಂಗಿಲ್ರಿ ಕಾಕಾ. ಹೇಳಂಗಿಲ್ಲಂದ್ರನೇ ಖರೆ ಅದ ಅಂತ ತಿಳ್ಕೋರಿ.”

ಸುತ್ತಲಿನವರು ನಕ್ಕರು, ನಾನೂ ನಕ್ಕೆ. ಹಿಂದಿನ ಸೀಟಿನಲ್ಲಿ ಕೂಸನ್ನು ಮಲಗಿಸಿಕೊಂಡಿದ್ದ ಹೆಣ್ಣುಮಗಳೊಬ್ಬಳು ಮಾತ್ರ, “ಯಾ ದವಾಖಾನಿಗೆ ಹೋಗಬೇಕಂತ ಅದರಾಗ ಹೇಳ್ಯಾರೇನ್ರಿ?” ಅಂದಳು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಹುಡುಗ ನನಗೆ ಹಿಡಿಸಲಿಲ್ಲ. ಇಡೀ ಬಸ್ಸನ್ನು ಹೆದರಿಸಿ, ತಾನು ಕಿಟಕಿಗೆ ತಲೆಯಾನಿಸಿ ಆರಾಮ ಮಲಗಿದ. ಆದರೆ ಅವನ ಮಾತಿಗೆ ಬುಡವೇ ಇಲ್ಲ ಅನ್ನಲಿಕ್ಕೂ ಬರುವುದಿಲ್ಲ. 2020ರ ಜನವರಿ 1ರಂದು ಚೀನಾದ ಸರ್ಕಾರಿ ಟೀವಿ ಓದಿದ್ದು ರೋಗದ ಎಚ್ಚರಿಕೆಯನ್ನಲ್ಲ, ಸುಳ್ಳು ಹಬ್ಬಿಸಿದ ಎಂಟು ಜನರ ಮೇಲೆ ವುಹಾನ್ ಪೊಲೀಸರು ಕ್ರಮ ಕೈಗೊಂಡಿದ್ದಾರೆ ಎಂಬುದನ್ನು. ಗೆಳೆಯ ವೈದ್ಯರಿಗೆ ಜೋಪಾನ ಎಂದು ಮೆಸೇಜು ಹಾಕಿದ್ದ ಕಣ್ಣಿನ ಡಾಕ್ಟರ್ ಲಿ ವೆನ್ಲಿಯಾಂಗ್ ಅವರಿಂದ ಪೊಲೀಸರು ಮುಚ್ಚಳಿಕೆ ಬರೆಸಿಕೊಂಡರು. ಅದೇ ಸೋಂಕಿಗೆ ಅವರು ಫೆಬ್ರವರಿ 7ರಂದು ತೀರಿಕೊಂಡರು. ಹೇಳಂಗಿಲ್ಲಂದ್ರನೇ ಖರೆ ಅದ. ಹುಡುಗನಿಗೆ ಇದೆಲ್ಲ ಗೊತ್ತಿರಲಿಕ್ಕಿಲ್ಲ, ಆದರೂ ಮಾತು ಅಲ್ಲಿಗೇ ಹೋಗಿ ನಿಲ್ಲುತ್ತದೆ.

ನಮ್ಮ ಊರಿನವರು ಇದನ್ನು ಬೇಗ ಮರೆಯುವ ಹಾಗಿಲ್ಲ. ದೇಶದಲ್ಲಿ ಖಚಿತಪಟ್ಟ ಮೊದಲ ಕೋವಿಡ್ ಸಾವು ಕಲಬುರಗಿಯದು. 76 ವರ್ಷದ ಹಿರಿಯರು ಹೋದದ್ದು 2020ರ ಮಾರ್ಚ್ 10ಕ್ಕೆ, ಕೋವಿಡ್ ಎಂದು ಗಟ್ಟಿಯಾದದ್ದು 12ಕ್ಕೆ. ಆಗಿನ ಆರೋಗ್ಯ ಮಂತ್ರಿ ಶ್ರೀರಾಮುಲು ಅದನ್ನು ಟ್ವಿಟ್ಟರ್‌ನಲ್ಲಿ ಹಾಕಿದರು. ನಡುವಿನ ಹೊತ್ತಿನಲ್ಲಿ ಓಣಿಯ ಬಾಯಿಗೆ ಬರದ ಮಾತು ಒಂದೂ ಉಳಿದಿರಲಿಲ್ಲ. ವರದಿ ಬರುವ ತನಕ ಹೌದು ಅನ್ನಬಾರದು, ಒಪ್ಪಿದೆ. ಆದರೆ ವರದಿಗೆ ಕಾಯುತ್ತಿದ್ದೇವೆ, ಇಂಥ ಹೊತ್ತಿಗೆ ಬರುತ್ತದೆ, ಬಂದ ಕೂಡಲೇ ಹೇಳುತ್ತೇವೆ ಎಂಬುದೂ ಸುದ್ದಿಯೇ ಅಲ್ಲವೇ?

ಆಮೇಲೆ ಮಾರ್ಚ್ 24. ರಾತ್ರಿ ಎಂಟಕ್ಕೆ ಪ್ರಧಾನಿ ಮಾತಾಡಿದರು, ಹನ್ನೆರಡರಿಂದ ಇಡೀ ದೇಶ ಬಂದ್. ಅಗತ್ಯ ವಸ್ತುಗಳ ಮಾತು ಭಾಷಣದಲ್ಲಿ ಬಂತು, ಆದರೆ ಮನೆಯಿಂದ ಹೊರಬರಬೇಡಿ ಎಂಬುದರ ಅಬ್ಬರದಲ್ಲಿ ಮುಳುಗಿಹೋಯಿತು. ಕಿರಾಣಿ, ಹಾಲು, ಔಷಧಿ ಅಂಗಡಿ ತೆರೆದಿರುತ್ತವೆ ಎಂದು ಗೃಹ ಸಚಿವಾಲಯದ ಆದೇಶದಲ್ಲೇ ಇತ್ತು. ನಮ್ಮಣ್ಣ ಆದೇಶ ಓದುವವನಲ್ಲ, ಚೀಲ ಹಿಡಿದು ಓಡುವವನು. ಓಡಿದ. ಎಷ್ಟೋ ಊರುಗಳಲ್ಲಿ ಜನ ಹಾಗೇ ಓಡಿದರು. ಅಂಗಡಿಗೆ ಮುಗಿಬೀಳಬೇಡಿ ಎಂದು ಪ್ರಧಾನಿಯೇ ಆ ರಾತ್ರಿ ಟ್ವಿಟ್ಟರ್‌ನಲ್ಲಿ ಮತ್ತೆ ಹೇಳಬೇಕಾಯಿತು. (28ರಿಂದ ದೂರದರ್ಶನ ಹಳೆಯ ರಾಮಾಯಣ ಹಚ್ಚಿತು. ಯಾರು ಏನೇ ಅನ್ನಲಿ, ನಮ್ಮಮ್ಮನನ್ನು ಹೊಸ್ತಿಲ ಒಳಗೆ ಕೂರಿಸಿದ್ದು ಯಾವ ಪ್ರಕಟಣೆಯೂ ಅಲ್ಲ, ಅದು.)

ಹಿರಿಯರ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿದ್ದು. ಅವರಿಗೆ ರೇಡಿಯೋ ಮೇಲೆ ಅಷ್ಟು ನಂಬಿಕೆ ಎಲ್ಲಿಂದ ಬಂತು? ಸರ್ಕಾರದ ಮೇಲಿನ ಭಕ್ತಿಯಿಂದಂತೂ ಅಲ್ಲ. ಬೆಳೆವಿಮೆಯ ಬಗ್ಗೆ ಅವರು ಅಂದದ್ದನ್ನು ಇಲ್ಲಿ ಬರೆಯಲಾರೆ. ಈ ಕಡೆಯ ರೈತರಿಗೆ ರೇಡಿಯೋ ಅಂದರೆ ಮಳೆ, ತೊಗರಿ ಧಾರಣಿ. ಧಾರಣಿ ಇಳಿದ ದಿನ ಯಾರೂ “ಆತಂಕಪಡುವ ಅಗತ್ಯವಿಲ್ಲ” ಎಂದು ಓದುವುದಿಲ್ಲ, ಕ್ವಿಂಟಲಿಗೆ ಇಷ್ಟು ಎಂದು ಓದುತ್ತಾರೆ. ಮರುದಿನ ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಹೋದವನು ತಾಳೆ ಹಾಕಿ ನೋಡಬಹುದು. ಕೆಟ್ಟ ಸುದ್ದಿಯನ್ನೂ ಹೇಳಿದ್ದಕ್ಕೇ ಆ ದನಿಯನ್ನು ನಂಬುತ್ತಾರೆ.

ರೋಗ ಬಂದಾಗ ಸರ್ಕಾರಿ ದನಿ ಯಾಕೆ ಬದಲಾಗುತ್ತದೋ! ಕೈ ತೊಳೀರಿ, ವದಂತಿಗೆ ಕಿವಿಗೊಡಬೇಡಿ. ಇದೆಲ್ಲ ಬೇಕು. ಆದರೆ ಆ ಹೆಣ್ಣುಮಗಳು ಕೇಳಿದ್ದು ದವಾಖಾನೆಯ ಹೆಸರು. ಜನ ಹೆದರುತ್ತಾರೆ ಎಂದು ಲೆಕ್ಕ ಹೇಳುವುದಿಲ್ಲ ಅನ್ನುವ ಅಧಿಕಾರಿಗಳು 2020ರ ಸಂಜೆಗಳನ್ನು ನೆನಪು ಮಾಡಿಕೊಳ್ಳಲಿ. ಆರೋಗ್ಯ ಇಲಾಖೆ ಜಿಲ್ಲಾವಾರು ಬುಲೆಟಿನ್ ಕೊಡುತ್ತಿತ್ತು: ಇಂದು ಎಷ್ಟು, ಗುಣವಾದವರೆಷ್ಟು, ಸತ್ತವರೆಷ್ಟು. ಕಲಬುರಗಿ ಸಾಲಿಗೆ ಬೆರಳಿಟ್ಟು ಹುಡುಕುತ್ತಿದ್ದೆವು. ಅಂಕಿ ಏರಿದ ದಿನವೂ ನಮ್ಮ ಮನೆಯಲ್ಲಿ ಯಾರೂ ಎದೆ ಒಡೆದುಕೊಳ್ಳಲಿಲ್ಲ. ಬುಲೆಟಿನ್ ತಡವಾದ ದಿನ ಮಾತ್ರ ಅಣ್ಣ ಹತ್ತು ಕಡೆ ಫೋನು ಹಚ್ಚುತ್ತಿದ್ದ, ಹತ್ತು ಕಡೆಯಿಂದ ಹತ್ತು ಬೇರೆ ಲೆಕ್ಕ ತರುತ್ತಿದ್ದ.