ಚಾಲಕರ ಬಲಗೆನ್ನೆ

ಬೆಳಿಗ್ಗೆ 10.30ಕ್ಕೆ ನಮ್ಮ ಚರ್ಮದ ಕ್ಲಿನಿಕ್ಕಿಗೆ ಬಂದವರು 52 ವರ್ಷದ ಬಸ್ ಚಾಲಕರು, ಜೊತೆಗೆ ಮಗಳು. ಮಗಳ ಮದುವೆಗೆ ಇನ್ನು ಮೂರೇ ವಾರ. ಅಪ್ಪನ ಎಡಗೆನ್ನೆ ನೋಡಿದರೆ 45 ಅನ್ನಬಹುದು, ಬಲಗೆನ್ನೆ ನೋಡಿದರೆ 60. ನಮ್ಮಲ್ಲಿ ಸ್ಟೇರಿಂಗ್ ಇರುವುದು ಬಲಕ್ಕೆ. ವರ್ಷಗಟ್ಟಲೆ ಕಿಟಕಿಯ ಬಿಸಿಲು ಬಿದ್ದದ್ದು ಆ ಒಂದೇ ಕಡೆಗೆ. ಗಾಜು ಏರಿಸಿಕೊಂಡರೂ ಪೂರ್ತಿ ರಕ್ಷಣೆಯಿಲ್ಲ. ಪಕ್ಕದ ಕಿಟಕಿಯ ಗಾಜು ಚರ್ಮ ಸುಡುವ ಯುವಿ-ಬಿ ಕಿರಣವನ್ನು ತಡೆಯುತ್ತದೆ, ಆಳಕ್ಕಿಳಿದು ಸುಕ್ಕು, ಕಲೆ ತರುವ ಯುವಿ-ಎ ಬಹುಪಾಲು ಒಳಗೆ ಬರುತ್ತದೆ.

ಅವರು ಮೊದಲ ಸಲ ಬಂದದ್ದು ನಾಲ್ಕು ವಾರದ ಹಿಂದೆ. ಅಂದು ಮಾಡಿದ್ದು ಪರೀಕ್ಷೆಯ ಶಾಟ್ ಮಾತ್ರ, ಅಂದರೆ ಕಲೆ ತಿಳಿಮಾಡುವ ಯಂತ್ರದ ಬೆಳಕನ್ನು ಸ್ವಲ್ಪವೇ ಬಿಟ್ಟು ನೋಡುವುದು. ಬಲಗಿವಿಯ ಮುಂದಿನ ಮೂರು ಕಲೆಗಳ ಮೇಲೆ ಒಂದೊಂದೇ ಶಾಟ್, ಚದರ ಸೆಂಟಿಮೀಟರಿಗೆ 10, 12, 14 ಜೂಲ್ ಶಕ್ತಿ. ನಮ್ಮ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮದಲ್ಲಿ ಎರಡು ದಿನ ಕಾದು ‘ಏನೂ ಆಗಲಿಲ್ಲ’ ಅಂದುಬಿಡುವಂತಿಲ್ಲ. ಗುಳ್ಳೆ ಎದ್ದರೆ ಮರುದಿನವೇ ಗೊತ್ತಾಗುತ್ತದೆ, ಆದರೆ ಬಿಸಿಗೆ ಕೆರಳಿದ ಚರ್ಮ ಕಪ್ಪಾಗುವುದು ಎರಡು-ನಾಲ್ಕು ವಾರದ ಮೇಲೆ. ಹತ್ತಿರದಲ್ಲಿ ಮದುವೆಯಿದೆ ಎಂದು ಈ ಕಾಯುವಿಕೆಯನ್ನು ಬಿಟ್ಟವರ ಮುಖಗಳನ್ನು ಸರಿಪಡಿಸಲು ಆಮೇಲೆ ಆರು ತಿಂಗಳು, ವರ್ಷ ಹಿಡಿಯುತ್ತದೆ. ಈ ಚಾಲಕರಲ್ಲಿ 10ರ ಕಲೆ ಹಾಗೇ ಇತ್ತು, 12ರದ್ದು ಅರ್ಧಕ್ಕರ್ಧ ತಿಳಿಯಾಗಿತ್ತು, 14ರದ್ದರ ಸುತ್ತ ತೆಳುವಾದ ಕಂದು ಉಂಗುರ ಕಟ್ಟಿತ್ತು. ಹಾಗಾಗಿ ಇವತ್ತಿಗೆ 12. ಇದು ಆ ಯಂತ್ರದ, ಆ ಚರ್ಮದ ಅಂಕಿ. ಇನ್ನೊಂದು ಕಂಪನಿಯ ಯಂತ್ರದಲ್ಲಿ ಅದೇ 12 ಸುಟ್ಟರೂ ಸುಡಬಹುದು.

ಯಂತ್ರದ ಹೆಸರು ಐಪಿಎಲ್, ಅಂದರೆ ಇಂಟೆನ್ಸ್ ಪಲ್ಸ್ಡ್ ಲೈಟ್. ಜನ ಇದನ್ನೂ ಲೇಸರ್ ಅನ್ನುತ್ತಾರೆ, ಆದರೆ ಇದು ಲೇಸರ್ ಅಲ್ಲ. ಲೇಸರಿನಿಂದ ಬರುವುದು ಒಂದೇ ತರಂಗದ ಬೆಳಕು. ಇಲ್ಲಿ ಝೆನಾನ್ ದೀಪ ಕ್ಯಾಮೆರಾ ಫ್ಲಾಶಿನ ಹಾಗೆ ಮಿಂಚಿ, ಸುಮಾರು 500ರಿಂದ 1200 ನ್ಯಾನೋಮೀಟರ್‌ವರೆಗಿನ ಬೆಳಕನ್ನೆಲ್ಲ ಒಟ್ಟಿಗೆ ಬಿಡುತ್ತದೆ. ಅದರಲ್ಲಿ ಗಿಡ್ಡ ತರಂಗಗಳನ್ನು ಸೋಸಿ ತೆಗೆಯಲು ಫಿಲ್ಟರ್ ಹಾಕುತ್ತೇವೆ. ಗುರಿ ಕಲೆಯೊಳಗಿನ ಮೆಲನಿನ್, ಚರ್ಮಕ್ಕೆ ಬಣ್ಣ ಕೊಡುವ ವಸ್ತು. ಅದು ಬೆಳಕು ಹೀರಿ ಬಿಸಿಯಾಗಿ ಒಡೆಯಬೇಕು, ಸುತ್ತಲಿನ ಚರ್ಮಕ್ಕೆ ಬಿಸಿ ಹರಡುವ ಮೊದಲೇ ಬೆಳಕು ನಿಂತಿರಬೇಕು. 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಮಂಡಿಸಿದ ಈ ತತ್ವದ ಮೇಲೆಯೇ ಇಂದಿನ ಚರ್ಮದ ಲೇಸರುಗಳಲ್ಲಿ ಬಹುಪಾಲು ನಿಂತಿವೆ. ತೊಡಕು ಏನೆಂದರೆ, ನಮ್ಮ ಚರ್ಮದಲ್ಲಿ ಕಲೆಯಲ್ಲಷ್ಟೇ ಅಲ್ಲ, ಮೇಲ್ಪದರದ ತುಂಬ ಮೆಲನಿನ್ ಇದೆ. ಯಾವುದು ಕಲೆ, ಯಾವುದು ಮೈಬಣ್ಣ ಎಂದು ಬೆಳಕಿಗೆ ತಿಳಿಯದು. ಗಿಡ್ಡ ತರಂಗವನ್ನೇ ಮೆಲನಿನ್ ಹೆಚ್ಚು ಹೀರುವುದು; ಅದಕ್ಕೇ ಇವರಿಗೆ 515 ನ್ಯಾನೋಮೀಟರಿಗಿಂತ ಗಿಡ್ಡದ್ದನ್ನಷ್ಟೇ ತಡೆಯುವ ಫಿಲ್ಟರ್ ಬಿಟ್ಟು 590ಕ್ಕಿಂತ ಗಿಡ್ಡದ್ದನ್ನೆಲ್ಲ ತಡೆಯುವುದು. ಒಂದೇ ಏಟಿಗೆ ಪೂರ್ತಿ ಶಕ್ತಿ ಕೊಡದೆ 4 ಮಿಲಿಸೆಕೆಂಡಿನ ಎರಡು ಮಿಂಚು, ನಡುವೆ 40 ಮಿಲಿಸೆಕೆಂಡ್ ಬಿಡುವು. ಆ ಬಿಡುವಿನಲ್ಲಿ ಮೇಲ್ಪದರ ತಣಿಯುತ್ತದೆ.

ಯಂತ್ರ ಆನ್ ಮಾಡುವ ಮುಂಚಿನ ಕೆಲಸವೇ ಜಾಸ್ತಿ. ಮೊದಲು ಫೋಟೊ: ಎದುರು, ಎಡ, ಬಲ, ಪ್ರತಿ ಸಲ ಅದೇ ದೀಪದ ಕೆಳಗೆ. ಆಮೇಲೆ ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೊಸ್ಕೋಪ್ ಇಟ್ಟು ಒಂದೊಂದೇ ಕಲೆ ನೋಡುವುದು. ಇವರ ಬಲಗೆನ್ನೆ, ಕಣತಲೆ ಸೇರಿ 11 ಕಲೆ. ಅವುಗಳಲ್ಲಿ ಎರಡು ಉಬ್ಬಿದ ಕರಿ ಗಂಟು, ಬಿಸಿಲಿನ ಕಲೆ ಅಲ್ಲ. ಅವಕ್ಕೆ ಬೆಳಕು ಉಪಯೋಗಕ್ಕೆ ಬಾರದು, ಇನ್ನೊಂದು ದಿನ ಕಾಟರಿಯಲ್ಲಿ, ಅಂದರೆ ವಿದ್ಯುತ್ತಿನ ಬಿಸಿಯಿಂದ ಸುಟ್ಟು, ತೆಗೆಯಬೇಕು. ಅಂಚು ಒಡ್ಡೊಡ್ಡಾದ, ಬಣ್ಣ ಎರಡು-ಮೂರಾದ, ಇತ್ತೀಚೆಗೆ ಬೆಳೆಯುತ್ತಿರುವ ಮಚ್ಚೆಯಿದ್ದರೆ ಅದರ ಮೇಲೆ ಬೆಳಕು ಬಿಡಲೇಬಾರದು, ತುಣುಕು ತೆಗೆದು ಬಯಾಪ್ಸಿ ಆಗಬೇಕು. ಮೇಲಿನ ಬಣ್ಣ ಅಳಿಸಿಬಿಟ್ಟರೆ ಒಳಗಿನ ಕ್ಯಾನ್ಸರ್ ಕಣ್ಣಿಗೆ ಬೀಳದೆ ಉಳಿದುಹೋಗುತ್ತದೆ. ಅಂಥದ್ದು ಇವರಲ್ಲಿ ಇರಲಿಲ್ಲ.

ಇನ್ನೆರಡು ಕಲೆ ಗಡ್ಡದ ಗೆರೆಯೊಳಗೆ. ಅವನ್ನೂ ಬಿಟ್ಟೆವು. ಕೂದಲು ತೆಗೆಯಲು ಬಳಸುವುದೂ ಇದೇ ಬೆಳಕನ್ನೇ; ಬೇರಿನ ಮೆಲನಿನ್ ಬೆಳಕು ಹೀರಿದರೆ ಗಡ್ಡ ಅಲ್ಲಲ್ಲಿ ಬೋಳಾಗುತ್ತದೆ. ದಟ್ಟ ಮೀಸೆ ಇಟ್ಟ ಮನುಷ್ಯ ಅವರು. ಮೀಸೆಯ ಮೇಲೂ ಕೆನ್ನೆಗೂದಲ ಮೇಲೂ ಒದ್ದೆ ಮಾಡಿದ ಬಿಳಿ ಗಾಜ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿದೆವು. ಬಿಳಿ ಬಟ್ಟೆ ಬೆಳಕನ್ನು ವಾಪಸು ತಳ್ಳುತ್ತದೆ, ನೀರು ಬಿಸಿ ಹಿಡಿಯುತ್ತದೆ.

ಮೊದಲ ಭೇಟಿಯಲ್ಲೇ ಮಾತ್ರೆಗಳ ಪಟ್ಟಿ ಕೇಳಿದ್ದೆವು. ಇವರದು ಬಿಪಿ ಮಾತ್ರೆ, ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸೇರಿತ್ತು. ಅದು ಚರ್ಮವನ್ನು ಬಿಸಿಲಿಗೆ ಬೇಗ ಕೆರಳುವಂತೆ ಮಾಡುವ ಔಷಧಿ. ತಾವಾಗಿ ನಿಲ್ಲಿಸಬಾರದೆಂದು ಹೇಳಿ, ಬಿಪಿ ನೋಡುವ ವೈದ್ಯರಿಗೆ ಚೀಟಿ ಬರೆದುಕೊಟ್ಟಿದ್ದೆವು. ಅವರು ಬೇರೆ ಮಾತ್ರೆ ಬರೆದಿದ್ದರು.

ಮುಖವನ್ನು ಎರಡು ಸಲ ತೊಳೆಸಿ ಒರೆಸಿದ್ದಾಯಿತು. ಹಣೆಯ ಕುಂಕುಮ, ಹಚ್ಚಿಕೊಂಡು ಬಂದ ಕ್ರೀಮು ಒಂದಿಷ್ಟೂ ಉಳಿಯಬಾರದು. ಉಳಿದ ಬಣ್ಣವೂ ಬೆಳಕು ಹೀರುತ್ತದೆ, ಅದರಡಿಯ ಚರ್ಮ ಬೇಯುತ್ತದೆ. ಕಣ್ಣಿಗೆ ಬೆಳಕು ತೂರದ ಲೋಹದ ಮುಚ್ಚಳ, ಕೋಣೆಯಲ್ಲಿದ್ದ ಉಳಿದವರಿಗೆಲ್ಲ ಕನ್ನಡಕ, ಬಾಗಿಲು ಭದ್ರ. ಬಣ್ಣವಿಲ್ಲದ ತಣ್ಣನೆಯ ಜೆಲ್ಲನ್ನು ಎರಡು ಮಿಲಿಮೀಟರ್ ದಪ್ಪಕ್ಕೆ ಬಳಿದು, ಯಂತ್ರದಿಂದ ಬೆಳಕು ಹೊರಬರುವ ಸ್ಫಟಿಕದ ತುದಿಯನ್ನು ಒತ್ತದೆ, ಓರೆಯಾಗದಂತೆ ಇಟ್ಟೆವು. ಓರೆಯಾದರೆ ಒಂದು ಅಂಚಿನಲ್ಲಿ ಜೆಲ್ ಇಲ್ಲದೆ ಅಲ್ಲೇ ಸುಡುತ್ತದೆ. ಕಲೆಯಷ್ಟೇ ಕಾಣುವಂತೆ ತೂತು ಕೊರೆದ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಮೇಲಿಟ್ಟು ಒಂದೊಂದೇ ಶಾಟ್.

ಕೆನ್ನೆಯ ನಾಲ್ಕು ಕಲೆ ಸಲೀಸಾಗಿ ಮುಗಿದವು. ಕಣತಲೆಗೆ ಬಂದಾಗ ಅವರು ಕೈ ಎತ್ತಿದರು. “ಇದೊಂದು ಸುರ್ರಂತು ಡಾಕ್ಟ್ರೇ.”

“ಸಹಿಸ್ಕೊಂಡು ಸುಮ್ನಿರ್ಬೇಡಿ, ಹೀಗೇ ಹೇಳಿ,” ಎಂದು ಅಲ್ಲಿಗೇ ನಿಲ್ಲಿಸಿದೆವು. ಸ್ಫಟಿಕವನ್ನು ಬೆಳಕಿಗೆ ಹಿಡಿದಾಗ ಕಾರಣ ಸಿಕ್ಕಿತು: ಬಟ್ಟೆಯಡಿಯಿಂದ ಜಾರಿದ ಅರ್ಧ ಸೆಂಟಿಮೀಟರ್ ಕೆನ್ನೆಗೂದಲು ಅದಕ್ಕೆ ಅಂಟಿ ಸೀದು ಕರಿಗೆರೆಯಾಗಿತ್ತು. ಹಾಗೇ ಮುಂದುವರಿದಿದ್ದರೆ ಆ ಗೆರೆ ಪ್ರತಿ ಶಾಟಿನಲ್ಲೂ ಚರ್ಮಕ್ಕೆ ಬರೆ ಎಳೆಯುತ್ತಿತ್ತು. ಒರೆಸಿ, ಹೊಸ ಜೆಲ್ ಹಾಕಿ, ಮೂಳೆಯ ಮೇಲಿನ ತೆಳು ಚರ್ಮವಾದ್ದರಿಂದ ಒಂದು ಜೂಲ್ ಇಳಿಸಿದೆವು. ಸುರ್ರಂದ ಜಾಗಕ್ಕೆ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಹತ್ತು ನಿಮಿಷ, ಗುಳ್ಳೆ ಏಳಲಿಲ್ಲ. ಶಾಟ್ ಆದ ಐದಾರು ನಿಮಿಷಕ್ಕೆ ಕಲೆ ತುಸು ಕಪ್ಪಾಗಿ ಸುತ್ತ ನಸುಗೆಂಪು ಮೂಡಿದರೆ ಸಾಕು. ಬೂದಿ ಬಣ್ಣಕ್ಕೋ ಬಿಳುಪಿಗೋ ತಿರುಗಿದರೆ ಮಿತಿ ಮೀರಿತೆಂದೇ ಅರ್ಥ.

ಏಳು ಕಲೆಯ ಕೆಲಸ ಅಷ್ಟೆ. ಮಗಳು ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. “ಅಪ್ಪಂಗೆ ಮಾಡಿದ್ದನ್ನೇ ನಂಗೂ ಮಾಡಿಬಿಡಿ ಡಾಕ್ಟ್ರೇ.”

ಅವಳ ಎರಡೂ ಕೆನ್ನೆಯ ಮೇಲೆ, ಮೂಗಿನ ದಂಡೆಯ ಮೇಲೆ ಚಿಟ್ಟೆಯಾಕಾರದ ಬಂಗು. ಬಿಸಿಲ ಕಲೆಗೆ ಒಂದು ಅಂಚಿದೆ, ಅದು ಅಲ್ಲಿಗೇ ಮುಗಿಯುತ್ತದೆ. ಬಂಗು ಹಾಗಲ್ಲ, ಅಲ್ಲಿ ಬಣ್ಣ ತಯಾರಿಸುವ ಕೋಶಗಳೇ ಸದಾ ಕೆರಳಿರುತ್ತವೆ. ಬಿಸಿಲು, ಹಾರ್ಮೋನು, ಒಲೆಯ ಶಾಖ, ಕಣ್ಣಿಗೆ ಕಾಣುವ ಬೆಳಕು ಎಲ್ಲವೂ ಅವನ್ನು ಕೆಣಕುತ್ತವೆ. ಐಪಿಎಲ್ ಬಿಟ್ಟರೆ ಮೊದಲ ಎರಡು ವಾರ ತಿಳಿಯಾದಂತೆ ಕಂಡು, ಮದುವೆಯ ಹೊತ್ತಿಗೆ ಮೊದಲಿಗಿಂತ ಕಪ್ಪಾಗಿ ಮರಳುವ ಅಪಾಯವಿದೆ. ‘ಲೇಸರ್ ಟೋನಿಂಗ್’ ಎಂದು ಕರೆಯುವ 1064 ನ್ಯಾನೋಮೀಟರಿನ ಕಡಿಮೆ ಶಕ್ತಿಯ ಲೇಸರನ್ನು ಬಂಗಿಗೆ ಬಳಸುವುದುಂಟು. ಆದರೆ ಪದೇ ಪದೇ ಮಾಡಿಸಿಕೊಂಡವರಲ್ಲಿ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ ಬಿದ್ದು, ಎಷ್ಟೋ ಸಲ ವಾಪಸು ಬಣ್ಣ ತುಂಬುವುದೇ ಇಲ್ಲ. ಮೂರು ವಾರದಲ್ಲಿ ಮುಗಿಸುವ ಚಿಕಿತ್ಸೆ ಅದಲ್ಲ.

ಅವಳ ಬ್ಯಾಗಿನಲ್ಲೊಂದು ಟ್ಯೂಬ್ ಇತ್ತು. ಚೀಟಿಯಿಲ್ಲದೆ ಕೊಂಡದ್ದು, ಎಂಟು ತಿಂಗಳಿಂದ ದಿನಾ ಹಚ್ಚುತ್ತಿದ್ದಾಳೆ. ಅದರಲ್ಲಿದ್ದದ್ದು ಕಲೆ ತಿಳಿಮಾಡುವ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಜೊತೆಗೆ ಮೊಮೆಟಾಸೋನ್ ಎಂಬ ಸ್ಟಿರಾಯ್ಡ್. ಇದು ಹಾಳು ಔಷಧಿಯೇನಲ್ಲ, ಆದರೆ ವೈದ್ಯರ ಕಣ್ಣೆದುರು ಕೆಲವು ವಾರ ಮಾತ್ರ ಬಳಸುವಂಥದ್ದು. ತಿಂಗಳುಗಟ್ಟಲೆ ಹಚ್ಚಿ ಅವಳ ಕೆನ್ನೆಯ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಎದ್ದು ಕಾಣುತ್ತಿದ್ದವು. ಒಮ್ಮೆಲೇ ಬಿಟ್ಟರೆ ಉರಿ, ಗುಳ್ಳೆ. ನಿಧಾನಕ್ಕೆ ಇಳಿಸಲು ದಿನಬಿಟ್ಟು ದಿನದ ಲೆಕ್ಕ ಬರೆದುಕೊಟ್ಟು, ಐರನ್ ಆಕ್ಸೈಡ್ ಇರುವ ಕಂದು ಬಣ್ಣದ ಸನ್‌ಸ್ಕ್ರೀನ್ ಹೇಳಿದೆವು. ಬಿಳಿ ಸನ್‌ಸ್ಕ್ರೀನ್ ಕಣ್ಣಿಗೆ ಕಾಣುವ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಒಂದು ಸಲಕ್ಕೆ ಬೇಕಾದಷ್ಟು. ಎರಡು-ಮೂರು ಗಂಟೆಗೊಮ್ಮೆ ಮತ್ತೆ.

ಅವಳ ಕಣ್ಣಲ್ಲಿ ನೀರು ಬಂತು. ಗೆಳತಿಯೊಬ್ಬಳು ಪಾರ್ಲರಿನಲ್ಲಿ ಇದನ್ನೇ ಮಾಡಿಸಿಕೊಂಡಿದ್ದಳಂತೆ. ಹಾಗೆ ಪಾರ್ಲರಿನಲ್ಲಿ ಪರೀಕ್ಷೆಯ ಶಾಟ್ ಇಲ್ಲದೆ ಮುಖಪೂರ್ತಿ ಬೆಳಕು ಬಿಡಿಸಿಕೊಂಡ ಒಬ್ಬರ ಫೋಟೊವನ್ನು, ಗುರುತು ಸಿಗದಂತೆ ಕೆನ್ನೆಯಷ್ಟೇ ಕಾಣುವಂತೆ, ತೋರಿಸಿದೆವು: ಸ್ಫಟಿಕದ ಅಳತೆಗೇ ಕತ್ತರಿಸಿದಂತೆ ಸಾಲು ಸಾಲು ಕಂದು ಪಟ್ಟಿ. ಅವಳು ತುಂಬ ಹೊತ್ತು ನೋಡಿದಳು.

ಅಪ್ಪನಿಗೆ ಹೇಳಿದ್ದು ಇಷ್ಟು: ಎರಡನೇ ದಿನ ಕಲೆಗಳು ಕಾಫಿಪುಡಿ ಅಂಟಿದಂತೆ ಕರ್ರಗಾಗುತ್ತವೆ, ಗಾಬರಿ ಬೇಡ, ಕೆರೆಯಬೇಡಿ. ಏಳರಿಂದ ಹತ್ತು ದಿನದಲ್ಲಿ ತಾವಾಗಿ ಉದುರುತ್ತವೆ. ಅಲ್ಲಿಯವರೆಗೆ ಬಲಗೆನ್ನೆಗೆ ಬ್ಲೇಡ್, ಬ್ಲೀಚ್, ಅರಿಶಿನ ಯಾವುದೂ ಬೇಡ. ದಿನಕ್ಕೆರಡು ಸಲ ತೆಳುವಾಗಿ ವ್ಯಾಸಲೀನ್, ಹಗಲಲ್ಲಿ ಸನ್‌ಸ್ಕ್ರೀನ್. ಅವರು ಆಗಲೇ ಡಿಪೋದಲ್ಲಿ ಮಾತಾಡಿ ಎರಡು ವಾರ ರಾತ್ರಿ ಸರ್ವೀಸ್ ಹಾಕಿಸಿಕೊಂಡಿದ್ದರು.

ಹನ್ನೊಂದನೇ ದಿನ ಬಂದಾಗ ಆರು ಕಲೆಯ ಪೊರೆ ಉದುರಿ ಕೆಳಗೆ ಎಳೆಗೆಂಪು ಚರ್ಮ ಕಾಣುತ್ತಿತ್ತು. ಕೂದಲು ಸೀದ ಕಣತಲೆಯ ಜಾಗದಲ್ಲಿ ಮಾತ್ರ ಕಡ್ಡಿ ಗೀರಿನಷ್ಟು ಕಂದು ಗೆರೆ ಉಳಿದಿತ್ತು. ಅದಕ್ಕೆ ಕಲೆ ತಿಳಿಮಾಡುವ ಅಝೆಲಾಯಿಕ್ ಆಸಿಡ್ ಕ್ರೀಮು ಬರೆದು, ಅದು ಪೂರ್ತಿ ತಿಳಿಯಾಗುವವರೆಗೆ ಆ ಬದಿಗೆ ಇನ್ನೊಂದು ಶಾಟ್ ಇಲ್ಲ ಎಂದು ಅವರ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದೆವು.