ಗೂಡುದೀಪದ ಕಿಟ್‌ನಿಂದ ಕಾಣೆಯಾದ ಸೆಲ್

ಮಂಗಳೂರಿನ ಮಾಲೊಂದರಲ್ಲಿರುವ ಆಟಿಕೆ ಮತ್ತು ಸ್ಟೇಷನರಿ ಮಳಿಗೆಯಲ್ಲಿ ಮಕ್ಕಳ ಚಟುವಟಿಕೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ದಸರಾ ರಜೆಗೆ ಹುಲಿಯ ಮುಖವಾಡ, ದೀಪಾವಳಿಗೆ ಗೂಡುದೀಪ, ಡಿಸೆಂಬರ್ ಬಂತೆಂದರೆ ನಕ್ಷತ್ರ ಮತ್ತು ಗೋದಲಿ, ಹೀಗೆ ಹಬ್ಬಕ್ಕೊಂದು ಕಿಟ್ ಸಿದ್ಧಪಡಿಸಿ, ಭಾನುವಾರದ ಬ್ಯಾಚ್‌ಗಳಲ್ಲಿ ಅಪ್ಪ ಅಮ್ಮಂದಿರ ಜೊತೆ ಮಕ್ಕಳನ್ನು ಕೂರಿಸಿ ಮಾಡಿಸುತ್ತೇವೆ. ಕಿಟ್‌ನಲ್ಲಿ ಏನಿರಬೇಕೆಂಬ ಕೊನೆಯ ಮಾತು ಮಾತ್ರ ಪರ್ಚೇಸ್ ವಿಭಾಗದ್ದು. ನಾನು ಇಂಡೆಂಟ್, ಅಂದರೆ ಬೇಕಾದ ಸಾಮಾನುಗಳ ಪಟ್ಟಿ, ಬರೆಯುತ್ತೇನೆ. ಅವರು ಅದರಲ್ಲಿ ಕೆಲವು ಸಾಲುಗಳನ್ನು ಹೊಡೆದು ಹಾಕುತ್ತಾರೆ, ಇನ್ನು ಕೆಲವಕ್ಕೆ ವೆಂಡರನ್ನು ಬದಲಿಸುತ್ತಾರೆ. ಕೊನೆಗೆ ಬಂದದ್ದನ್ನು ಕಿಟ್‌ಗಳಾಗಿ ಜೋಡಿಸಿ ಮೇಜಿನ ಮೇಲಿಡುವ ಹೊತ್ತಿಗೆ ಹಬ್ಬ ಹೊಸಿಲಿಗೆ ಬಂದಿರುತ್ತದೆ.

ಕಳೆದ ದೀಪಾವಳಿಯ ಕಿಟ್‌ನಲ್ಲಿ ಹಾಗೆ ಬದಲಾದದ್ದು ಟೀ ಲೈಟ್, ಅಂದರೆ ಗೂಡುದೀಪದೊಳಗೆ ಇಡುವ, ಸೆಲ್‌ನಿಂದ ಉರಿಯುವ ಪುಟ್ಟ ದೀಪ. ಅದಕ್ಕೆ ಮೊದಲು ಬರುತ್ತಿದ್ದ ಎಲ್‌ಇಡಿ ದೀಪದ ತಳದಲ್ಲಿ ಸೆಲ್ ಕೂರುವ ಜಾಗಕ್ಕೆ ಪುಟ್ಟದೊಂದು ಸ್ಕ್ರೂ ಇರುತ್ತಿತ್ತು. ಹೊಸ ವೆಂಡರ್ ಕಳುಹಿಸಿದ ದೀಪದ ಮುಚ್ಚಳವನ್ನು ಹೆಬ್ಬೆರಳಿನಿಂದ ತಳ್ಳಿದರೆ ಸಾಕು, ಜಾರಿ ಕೈಗೆ ಬರುತ್ತಿತ್ತು. ಒಳಗಿದ್ದದ್ದು ಸಿಆರ್2032 ಲಿಥಿಯಂ ಬಟನ್ ಸೆಲ್. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ, ಬೆಳ್ಳಿಯಂತೆ ಹೊಳೆಯುವ ಈ ಬಿಲ್ಲೆಯನ್ನು ಕಂಡರೆ ಯಾವ ಮಗುವೂ ಸುಮ್ಮನಿರುವುದಿಲ್ಲ. ಇದನ್ನು ವಾಪಸ್ ಕಳುಹಿಸೋಣ ಎಂದು ನಾನು ಮೇಲ್ ಬರೆದೆ. ಎಂಆರ್‌ಪಿ ಸ್ಟಿಕ್ಕರ್ ಅಂಟಿಸಿ ಆಗಿದೆ, ಡಬ್ಬಿಯ ಮೇಲೆ ಆರು ವರ್ಷ ಮೇಲ್ಪಟ್ಟವರಿಗೆ ಎಂದು ಸ್ಪಷ್ಟವಾಗಿ ಬರೆದಿದೆ, ಮುಂದಿನ ಸೀಸನ್‌ಗೆ ನೋಡೋಣ ಎಂಬ ಉತ್ತರ ಬಂತು.

ಅವರ ಉತ್ತರದಲ್ಲಿ ಕಾಗದದ ಮಟ್ಟಿಗೆ ತಪ್ಪಿರಲಿಲ್ಲ. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ, 14 ವರ್ಷದೊಳಗಿನವರ ಆಟಿಕೆಗಳನ್ನು ಐಎಸ್‌ಐ ಗುರುತಿಲ್ಲದೆ ಮಾರುವಂತಿಲ್ಲ, ಮತ್ತು ನಮ್ಮ ಮಳಿಗೆಯ ಆಟಿಕೆಗಳ ಕಪಾಟಿನಲ್ಲಿ ಅದನ್ನು ಕಟ್ಟುನಿಟ್ಟಾಗಿಯೇ ನೋಡುತ್ತಾರೆ. ಆದರೆ ಟೀ ಲೈಟ್ ಬಿಲ್ಲಿಂಗ್‌ಗೆ ಬರುವುದು ಅಲಂಕಾರದ ಸಾಮಾನು ಎಂಬ ಹೆಸರಿನಲ್ಲಿ. ಅದು ಮಕ್ಕಳ ಕಿಟ್‌ನೊಳಗೆ ಸೇರಿ ಮಕ್ಕಳ ಮೇಜಿಗೇ ಬಂದರೂ ದಾಖಲೆಯಲ್ಲಿ ಅಲಂಕಾರವಾಗಿಯೇ ಉಳಿಯುತ್ತದೆ.

ನಾನೂ ಆ ಆರು ವರ್ಷದ ಲೆಕ್ಕವನ್ನು ನಂಬಿಕೊಂಡೇ ಬ್ಯಾಚ್ ಆರಂಭಿಸಿದ್ದೆ. ನೋಂದಣಿ ಪುಸ್ತಕದಲ್ಲಿದ್ದ ಹೆಸರುಗಳೆಲ್ಲ ಆರರಿಂದ ಹತ್ತು ವರ್ಷದವರದ್ದೇ. ಆದರೆ ನಮ್ಮೂರಿನ ಕುಟುಂಬಗಳು ಭಾನುವಾರ ಮಾಲ್‌ಗೆ ಬರುವುದು ಹೇಗೆಂದು ನನಗೆ ಗೊತ್ತಿಲ್ಲದ ವಿಷಯವೇನಲ್ಲ: ಅಣ್ಣನ ಹೆಸರು ಬರೆಸಿದರೆ ತಂಗಿಯೂ ಬರುತ್ತಾಳೆ, ಅಜ್ಜಿಯೂ ಬರುತ್ತಾರೆ, ತೊಡೆಯ ಮೇಲೆ ಕುಳಿತ ಮೂರು ವರ್ಷದ ಮಗುವಿನ ಕೈಗೆ ಮೇಜಿನ ಮೇಲಿನ ಪ್ರತಿಯೊಂದು ವಸ್ತುವೂ ಎಟಕುತ್ತದೆ. ನಾನು ಓದಿದ್ದು ಪುಸ್ತಕವನ್ನು ಮಾತ್ರ. ಯಾರ ತೊಡೆಯ ಮೇಲೆ ಯಾರಿದ್ದಾರೆ ಎಂದು ಆ ದಿನ ನೋಡಲಿಲ್ಲ.

ಬ್ಯಾಚ್ ಚೆನ್ನಾಗಿಯೇ ನಡೆಯಿತು. ಬಿದಿರಿನ ಕಡ್ಡಿಯ ಚೌಕಟ್ಟುಗಳನ್ನು ನಾವೇ ಕಟ್ಟಿಟ್ಟಿದ್ದೆವು. ಮಕ್ಕಳು ಬಣ್ಣದ ಗ್ಲಾಸ್ ಪೇಪರನ್ನು ಕತ್ತರಿಸಿ ಅಂಟಿಸಿ, ಕೆಳಗೆ ಬಾಲಂಗೋಚಿ ಇಳಿಬಿಡಬೇಕಿತ್ತು. ಹಿಂದಿನ ರಾತ್ರಿ ಮಳೆ ಬಂದು ಗಾಳಿಯಲ್ಲಿ ತೇವವಿದ್ದುದರಿಂದ ಫೆವಿಕಾಲ್ ಒಣಗಲೊಲ್ಲದೆ, ಅಂಟಿಸಿದ ಕಾಗದ ಜಾರುತ್ತಿತ್ತು. ಅದನ್ನು ಹಿಡಿದು ಕೂರುವುದರಲ್ಲೇ ದೊಡ್ಡವರ ಎರಡೂ ಕೈಗಳು ತೊಡಗಿದ್ದವು. ಕೊನೆಗೆ ದೀಪ ಹಚ್ಚುವ ಹೊತ್ತಿಗೆ ಒಂದು ಗೂಡುದೀಪ ಮಾತ್ರ ಬೆಳಗಲಿಲ್ಲ. ಆ ಹುಡುಗನ ತಂದೆ ಟೀ ಲೈಟನ್ನು ತಿರುಗಿಸಿ ನೋಡಿ, "ಮೇಡಂ, ಇದರಲ್ಲಿ ಸೆಲ್ಲೇ ಇಲ್ವಲ್ಲ" ಎಂದರು. ಮುಚ್ಚಳ ಮೇಜಿನ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಅಜ್ಜಿಯ ತೊಡೆಯ ಮೇಲೆ ಕುಳಿತಿದ್ದ ಅವನ ಮೂರು ವರ್ಷದ ತಂಗಿ ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು ನಮ್ಮನ್ನೇ ನೋಡುತ್ತಿದ್ದಳು.

ಮುಂದಿನ ಹತ್ತು ಹನ್ನೆರಡು ನಿಮಿಷಗಳಲ್ಲಿ ನಾವು ಮಾಡಿದ್ದೆಲ್ಲ ಹಿಂದುಮುಂದಾಗಿತ್ತು. ಬಾಯಿ ತೆರೆಸಿ ನೋಡಿದೆವು, ಏನೂ ಇರಲಿಲ್ಲ. "ನುಂಗಿದ್ಯಾ ಪುಟ್ಟಾ?" ಎಂದು ನಾನು ಕೇಳಿದೆ, ತಲೆಯಾಡಿಸಿದಳು. "ಕೆಳಗೆ ಹಾಕಿದ್ಯಾ ಮಗಾ?" ಎಂದು ತಾಯಿ ಕೇಳಿದರು, ಅದಕ್ಕೂ ತಲೆಯಾಡಿಸಿದಳು. ಅಜ್ಜಿ ತುಳುವಿನಲ್ಲಿ ಏನೋ ಕೇಳಿದಾಗ "ಅಂದ್" (ಹೌದು) ಎಂದಳು, ಮರುಕ್ಷಣ ಅದೇ ಪ್ರಶ್ನೆಗೆ "ಇಜ್ಜಿ" (ಇಲ್ಲ) ಎಂದಳು. ಸುತ್ತ ನಿಂತ ದೊಡ್ಡವರ ಮುಖ ನೋಡಿ, ಯಾವ ಉತ್ತರ ಕೊಟ್ಟರೆ ಇವರು ಸುಮ್ಮನಾಗುತ್ತಾರೆ ಎಂದು ಅಂದಾಜಿಸುತ್ತಿದ್ದ ಮಗುವನ್ನು ನಾವು ಮತ್ತೆ ಮತ್ತೆ ಅದನ್ನೇ ಕೇಳುತ್ತಾ ಹೋದೆವು. ಉಳಿದ ಸಿಬ್ಬಂದಿ ಮೇಜಿನ ಕೆಳಗೆ ಮೊಣಕಾಲೂರಿ ಹುಡುಕುತ್ತಿದ್ದರು. ಬಾಳೆಹಣ್ಣು ತಿನ್ನಿಸಿ, ಅದರ ಜೊತೆಗೇ ಇಳಿದು ಹೋಗುತ್ತದೆ ಎಂದು ಇನ್ನೊಂದು ಮೇಜಿನ ಹಿರಿಯರೊಬ್ಬರು ಸಲಹೆ ಕೊಟ್ಟರು. ಫ್ಲೋರ್ ಮ್ಯಾನೇಜರ್ ಬಂದವರೇ, ಮೊದಲು ಇವರನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋಗಿ, ಉಳಿದ ಗ್ರಾಹಕರಿಗೆ ಗಾಬರಿಯಾಗುವುದು ಬೇಡ ಎಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಫ್ಯಾಕ್ಟರಿಯಿಂದಲೇ ಸೆಲ್ ಇಲ್ಲದೆ ಬಂದಿರಬಹುದಲ್ಲವೇ ಎಂದು ಕೇಳಿದರು. ಬರುವ ಸಾಧ್ಯತೆ ಇತ್ತು. ಹಂಚುವ ಮೊದಲು ಪ್ರತಿಯೊಂದನ್ನೂ ಹೊತ್ತಿಸಿ ನೋಡಿದ್ದರೆ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರುತ್ತಿತ್ತು.

ಕೊನೆಗೆ ಬಿಲ್ಲಿಂಗ್ ಕೌಂಟರಿನ ಹುಡುಗಿ, ಅವಳ ಅಕ್ಕ ನರ್ಸ್, ಎಲ್ಲರ ನಡುವೆ ನುಗ್ಗಿ ಬಂದು, "ಹುಡುಕೋದು ಆಮೇಲೆ ಹುಡುಕುವ, ಮೊದಲು ಎಕ್ಸ್‌ರೇ ತೆಗೆಸಿ" ಎಂದು ಸ್ವಲ್ಪ ಗದರಿಸಿಯೇ ಹೇಳಿದಳು. ಆಗ ನಮಗೆ ಎಚ್ಚರವಾಯಿತು. ನಾನು ಆ ಕುಟುಂಬದ ಜೊತೆ ರಿಕ್ಷಾ ಹತ್ತಿದೆ.

ಆಸ್ಪತ್ರೆಯ ತುರ್ತು ವಿಭಾಗದ ವೈದ್ಯರು ಹೇಳಿದ್ದನ್ನು ಇಲ್ಲಿ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಹಬ್ಬದ ದಿನಗಳಲ್ಲಿ ಈ ದೀಪಗಳು ಎಲ್ಲರ ಮನೆಯಲ್ಲೂ ಇರುತ್ತವೆ. ನುಂಗಿದ ನಾಣ್ಯ ಎಷ್ಟೋ ಸಲ ತೊಂದರೆ ಕೊಡದೆ ಹೊರಗೆ ಹೋಗುತ್ತದೆ, ಬಟನ್ ಸೆಲ್‌ಗೆ ಆ ನಂಬಿಕೆ ನಡೆಯುವುದಿಲ್ಲ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆಯಾದ ಗೋಡೆಯ ಮೂಲಕ ವಿದ್ಯುತ್ ಹರಿದು, ಋಣ ಧ್ರುವದ ಬದಿಯಲ್ಲಿ ಕ್ಷಾರ ಉಂಟಾಗಿ, ಎರಡು ಗಂಟೆಯೊಳಗೇ ಆಳವಾದ ಸುಟ್ಟ ಗಾಯವಾಗಬಹುದು. ಸೆಲ್ ಸೋರಬೇಕೆಂದೂ ಇಲ್ಲ. ಬಳಸಿ ಬಿಸಾಡಿದ, ದೀಪ ಹೊತ್ತಿಸಲಾರದ ಸೆಲ್‌ನಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ವಾಂತಿ ಮಾಡಿಸಬಾರದು, ಬಾಳೆಹಣ್ಣಾಗಲಿ ಅನ್ನವಾಗಲಿ ತಿನ್ನಿಸಬಾರದು. ಒಂದು ವರ್ಷ ದಾಟಿದ ಮಗುವಾದರೆ, ನುಂಗಿ 12 ಗಂಟೆಯೊಳಗಾಗಿದ್ದರೆ, ಕೈಗೆ ಸಿಗುವಂತಿದ್ದರೆ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚದಷ್ಟು, ಅಂದರೆ 10 ಮಿಲಿಲೀಟರ್ ಜೇನುತುಪ್ಪವನ್ನು ಆರು ಸಲದವರೆಗೆ ದಾರಿಯಲ್ಲಿ ಕೊಡಬಹುದು; ಅದು ಗಾಯದ ವೇಗವನ್ನು ತಗ್ಗಿಸುತ್ತದೆ. ಜೇನು ಹುಡುಕುವ ನೆಪದಲ್ಲಿ ಆಸ್ಪತ್ರೆಗೆ ಹೋಗುವುದು ತಡವಾಗಬಾರದು. ಎಕ್ಸ್‌ರೇಯಲ್ಲಿ ನಾಣ್ಯದ ಅಂಚು ಒಂದೇ ಗೆರೆಯಾಗಿ ಕಂಡರೆ, ಸೆಲ್‌ನ ಅಂಚಿನಲ್ಲಿ ಒಂದರೊಳಗೊಂದು ಎರಡು ವೃತ್ತಗಳು ಕಾಣುತ್ತವೆಯಂತೆ.

ನಮಗೆ ಒಂದು ವೃತ್ತವೂ ಕಾಣಲಿಲ್ಲ. ಗಂಟಲಿನಿಂದ ಹೊಟ್ಟೆಯವರೆಗೆ ಎಕ್ಸ್‌ರೇ ಸ್ವಚ್ಛವಾಗಿತ್ತು.

ಸಂಜೆ ಆ ತಂದೆಯಿಂದ ವಾಟ್ಸ್‌ಆ್ಯಪ್‌ಗೆ ಒಂದು ಫೋಟೊ ಬಂತು. ಅಣ್ಣನ ಪೆನ್ಸಿಲ್ ಬಾಕ್ಸಿನ ಮುಚ್ಚಳಕ್ಕೆ ಅಯಸ್ಕಾಂತದ ಪಟ್ಟಿಯಿತ್ತು, ಸೆಲ್‌ನ ಉಕ್ಕಿನ ಕವಚ ಆ ಪಟ್ಟಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ತೆಗೆದವನು ಅಣ್ಣನೇ, ಬೆಳ್ಳಿ ಪಾವಲಿ ಎಂದು ಎತ್ತಿಟ್ಟುಕೊಂಡಿದ್ದನಂತೆ. ಅಷ್ಟು ಹೊತ್ತು ನಾವೆಲ್ಲ ಮೂರು ವರ್ಷದವಳನ್ನು ವಿಚಾರಿಸುತ್ತಿದ್ದಾಗ ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಮರುದಿನದ ಮೀಟಿಂಗಿನಲ್ಲಿ ಎಕ್ಸ್‌ರೇ ಬಿಲ್ಲನ್ನು ಯಾವ ಖರ್ಚಿನ ಲೆಕ್ಕಕ್ಕೆ ಹಾಕುವುದು ಎಂಬ ವಿಷಯಕ್ಕೆ ಹೋದಷ್ಟು ಸಮಯ ಟೀ ಲೈಟಿನ ಮುಚ್ಚಳಕ್ಕೆ ಹೋಗಲಿಲ್ಲ. ಪೋಷಕರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕೆಂಬುದು ಅಲ್ಲಿಯ ನಿರ್ಣಯ. ಆ ಪತ್ರ ಈಗಲೂ ಇದೆ, ಅದರ ಮೇಲೆ ಮಕ್ಕಳು ಬಣ್ಣ ಒರೆಸುತ್ತಾರೆ. ಮಗು ನುಂಗದೇ ಇದ್ದುದರಿಂದ ಆಸ್ಪತ್ರೆಗೆ ಹೋದದ್ದು ಅತಿರೇಕವಾಯಿತು ಎಂಬ ಮಾತೂ ಬಂತು. ನನ್ನ ಮಟ್ಟಿಗೆ ಆ ದಿನ ಸರಿಯಾಗಿ ಆದ ಕೆಲಸ ಅದೊಂದೇ, ಅದೂ ತಡವಾಗಿ ಆಯಿತು.

ನನ್ನ ಕೈಯಳತೆಯಲ್ಲಿದ್ದ ಬದಲಾವಣೆಗಳನ್ನು ನಾನು ಮಾಡಿಕೊಂಡೆ. ಸೆಲ್ ಇರುವ ಯಾವ ವಸ್ತುವೂ ಈಗ ಮೇಜಿಗೆ ಹೋಗುವುದಿಲ್ಲ. ಗೂಡುದೀಪವನ್ನು ದೀಪವಿಲ್ಲದೆಯೇ ಮಾಡಿಸುತ್ತೇವೆ, ಮನೆಯಲ್ಲಿ ಒಳಗಿನ ಬಲ್ಬನ್ನು ದೊಡ್ಡವರು ತೂಗು ಹಾಕಲಿ. ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಗೂಡುದೀಪ ಸ್ಪರ್ಧೆಯಲ್ಲಿ ಬೇಳೆಕಾಳು, ಬೀಜಗಳಿಂದ ಸಿಂಗರಿಸಿದ ದೀಪಗಳನ್ನು ನೋಡಿ ಬಂದ ಕೆಲವು ಪೋಷಕರು ಮನೆಯಿಂದಲೇ ಬೀಜ ತರುತ್ತಾರೆ, ಅವುಗಳಲ್ಲಿ ಗುಲಗಂಜಿ ಕಂಡರೆ ನಾನು ಮರುಮಾತಿಲ್ಲದೆ ತೆಗೆದಿಡುತ್ತೇನೆ. ಅದರ ಗಟ್ಟಿ ಸಿಪ್ಪೆಯೊಳಗೆ ಅಬ್ರಿನ್ ಎಂಬ ತೀವ್ರ ವಿಷವಿದೆ, ಪೋಣಿಸಲೆಂದು ತೂತು ಕೊರೆದ ಬೀಜವಂತೂ ಇನ್ನೂ ಅಪಾಯಕಾರಿ. ಅಂಟಿಗೆ ಮನೆಯಲ್ಲಿ ಮೈದಾ ಕುದಿಸುವವರು, ಹುಳ ಬರಬಾರದೆಂದು ಹಿಂದಿನವರು ಬೆರೆಸುತ್ತಿದ್ದ ಮೈಲುತುತ್ತನ್ನು ಮಕ್ಕಳ ಕೆಲಸಕ್ಕೆ ಬಳಸಬಾರದು. ಅದಿಲ್ಲದ ಅಂಟನ್ನು ಒಂದೆರಡು ದಿನದಲ್ಲಿ ಎಸೆದರಾಯಿತು.

ಎಳೆಯ ಮಕ್ಕಳಿಗೆ ನನ್ನ ಅನುಭವದಲ್ಲಿ ಅತ್ಯಂತ ಒಗ್ಗಿದ ಸಾಮಾನು ಅಡಿಕೆ ಹಾಳೆ. ಅದನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿದರೆ ಸೀಳದೆ ಬಾಗುತ್ತದೆ. ಕಣ್ಣಿನ ತೂತುಗಳನ್ನು ದೊಡ್ಡವರು ಕತ್ತರಿಸಿ, ಹಾಳೆಯ ಒಳಮೈಯ ನುಣುಪು ಬದಿ ಮುಖಕ್ಕೆ ಬರುವಂತೆ ತಿರುಗಿಸಿ, ಅಂಚಿನ ಸಿಬಿರುಗಳನ್ನು ಉಪ್ಪುಕಾಗದದಿಂದ ಉಜ್ಜಿ ಕೊಟ್ಟರೆ, ಹಳದಿ ಬಳಿದು ಅದರ ಮೇಲೆ ಬೆರಳಿನಿಂದಲೇ ಕಪ್ಪು ಪಟ್ಟೆ ಎಳೆಯುವುದು ಮೂರು ವರ್ಷದವರಿಗೂ ಸಾಧ್ಯ. ನವರಾತ್ರಿಯಲ್ಲಿ ಬೀದಿಯಲ್ಲಿ ಹುಲಿವೇಷ ನೋಡಿ ಬಂದ ಮಗುವಿಗೆ ಪಟ್ಟೆ ಎಲ್ಲಿರಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಉಡುಗೊರೆಯ ವಿಷಯಕ್ಕೆ ಬಂದರೆ, ಅಡ್ಡಕ್ಕೆ ಕತ್ತರಿಸಿದ ಬೆಂಡೆಕಾಯಿಯನ್ನು ಬಣ್ಣದಲ್ಲಿ ಅದ್ದಿ ಹಳೆಯ ಬಿಳಿ ಪಂಚೆಯ ತುಂಡಿನ ಮೇಲೆ ಒತ್ತಿದರೆ ಐದು ಎಸಳಿನ ಹೂಗಳ ಸಾಲು ಮೂಡುತ್ತದೆ. ಅದೇ ಬಟ್ಟೆಯಲ್ಲಿ ಅಜ್ಜನಿಗೆ ಕನ್ನಡಕದ ಚೀಲ ಹೊಲಿದು ಕೊಡಬಹುದು. ಗೋದಲಿಗೆ ಹಸಿರು ಹುಲ್ಲು ಬೇಕಾದವರು ಡಿಸೆಂಬರ್ ಎರಡನೆಯ ವಾರದಲ್ಲಿ ತಟ್ಟೆಯಲ್ಲಿ ರಾಗಿ ಬಿತ್ತಿದರೆ, ಮಗುವಿಗೆ ದಿನಾ ನೀರು ಚಿಮುಕಿಸುವ ಕೆಲಸವಾದರೂ ಸಿಗುತ್ತದೆ.

ಇವುಗಳಿಗೆ ನಮ್ಮ ಆಡಳಿತದ ಆಕ್ಷೇಪ ಒಂದೇ, ಹಾಳೆಗೂ ಬೆಂಡೆಕಾಯಿಗೂ ಬಾರ್‌ಕೋಡ್ ಇಲ್ಲ. ಬಾರ್‌ಕೋಡ್ ಇಲ್ಲದ್ದನ್ನು ಕಿಟ್ ಎಂದು ಮಾರಲಾಗದು, ಮಾರಲಾಗದ್ದಕ್ಕೆ ಟಾರ್ಗೆಟ್ ಸೇರದು. ಈ ಬಾರಿಯ ಕ್ರಿಸ್‌ಮಸ್ ಕಿಟ್‌ನ ಸ್ಯಾಂಪಲ್ ಕಳೆದ ವಾರ ನನ್ನ ಮೇಜಿಗೆ ಬಂದಿದೆ: ನಕ್ಷತ್ರದ ಐದು ತುದಿಗಳಿಗೂ ಕಡಲೆಕಾಳಿನ ಗಾತ್ರದ ಗೆಜ್ಜೆ, ನಡುವೆ ಅದೇ ವೆಂಡರಿನ ಟೀ ಲೈಟ್. ನಾನು ಸಹಿ ಹಾಕದೆ ವಾಪಸ್ ಕಳುಹಿಸಿದ್ದೇನೆ. ಸೀಸನ್ ಹತ್ತಿರ ಬಂತೆಂದು ಪರ್ಚೇಸ್‌ನವರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಾರೆ.