ಮಾರ್ಕನ ಸುವಾರ್ತೆಯಲ್ಲಿ ವ್ಯಂಗ್ಯ ಮತ್ತು ದೀಕ್ಷಾಸ್ನಾನ: ವಾಸ್ಕೋ ಓದುಗುಂಪಿನ ಕೆಲಸ ಎಲ್ಲಿಗೆ ಬಂತು

ಬೈಬಲಿನ ಮಾರ್ಕನ ಸುವಾರ್ತೆಯನ್ನು ನಮ್ಮ ಗುಂಪು ಅಂಚಿನಲ್ಲಿ ಟಿಪ್ಪಣಿ ಹಾಕುತ್ತ ಓದುತ್ತಿದೆ. 10, 14 ಮತ್ತು 15ನೇ ಅಧ್ಯಾಯಗಳ ಅಂಚುಟಿಪ್ಪಣಿ ಮುಗಿದಿದೆ. 16:1-8 (16ನೇ ಅಧ್ಯಾಯದ 1ರಿಂದ 8ನೇ ವಚನ) ಬಾಕಿ ಇದೆ. ಹೊಸದಾಗಿ ಸೇರುವವರಿಗೆ ಅನುಕೂಲವಾಗಲಿ ಎಂದು ಮೊದಲು ಕೆಲಸದ ಕ್ರಮ ಹೇಳಿಬಿಡುತ್ತೇವೆ.

ಎ4 ಹಾಳೆಯ ಒಂದೇ ಮಗ್ಗುಲಿಗೆ ಪಠ್ಯ ಮುದ್ರಿಸಿ, ಬಲಗಡೆ 6 ಸೆಂ.ಮೀ. ಅಂಚು ಬಿಡಿ. ವಚನಸಂಖ್ಯೆ ಇರಲಿ, ಉಪಶೀರ್ಷಿಕೆಗಳನ್ನು ಮಾತ್ರ ತೆಗೆದುಹಾಕಿ. ಶೀರ್ಷಿಕೆ ಬಂದಲ್ಲೆಲ್ಲ ಕಣ್ಣು ನಿಲ್ಲುತ್ತದೆ, ಹಿಂದಿನ ಕಥೆ ಮುಗಿಯಿತು ಎಂದುಕೊಳ್ಳುತ್ತೇವೆ. 10:45ಕ್ಕೆ ಮುಗಿಯುವ ಶಿಷ್ಯರ ಬೇಡಿಕೆಯ ಕಥೆಗೂ 10:46ರಲ್ಲಿ ಶುರುವಾಗುವ ಕುರುಡನ ಕಥೆಗೂ ನಡುವೆ ಇರುವ ನಂಟು ಕಳೆದುಹೋಗುವುದು ಹೀಗೆಯೇ. ವ್ಯಂಗ್ಯಕ್ಕೆ ಕೆಂಪು ಪೆನ್ಸಿಲ್, ದೀಕ್ಷಾಸ್ನಾನಕ್ಕೆ ನೀಲಿ. ಕೆಂಪಿನ ಓದು ಪೂರ್ತಿ ಮುಗಿಯುವ ತನಕ ನೀಲಿಯನ್ನು ಮುಟ್ಟಬಾರದು. ನೀಲಿ ಮೊದಲು ಹಿಡಿದರೆ 4ನೇ ಅಧ್ಯಾಯದ ಬಿರುಗಾಳಿಯಿಂದ ಹಿಡಿದು 14:13ರಲ್ಲಿ ಕೊಡ ಹೊತ್ತು ಬರುವ ಮನುಷ್ಯನವರೆಗೆ, ನೀರು ಕಂಡಲ್ಲೆಲ್ಲ ದೀಕ್ಷಾಸ್ನಾನವೇ ಕಾಣತೊಡಗುತ್ತದೆ.

ಕೆಂಪು ಗುರುತಿಗೆ ಮೂರು ಕಲಂ: ಮಾತಾಡಿದವರು ಯಾರು, ಅವರಿಗೆ ಗೊತ್ತಿದ್ದದ್ದೇನು, ಓದುಗನಿಗೆ ಗೊತ್ತಿರುವುದೇನು. ಎರಡನೆಯದೂ ಮೂರನೆಯದೂ ಒಂದೇ ಆದರೆ ಗುರುತು ಅಳಿಸಿ. ಯಕ್ಷಗಾನದ ಕೀಚಕವಧೆಯಲ್ಲಿ ಸೆರಗಿನೊಳಗೆ ಇರುವವನು ಭೀಮ ಎಂದು ಸಭೆಗೆಲ್ಲ ಗೊತ್ತು, ಕೀಚಕನೊಬ್ಬನಿಗೆ ಗೊತ್ತಿಲ್ಲ. ಹುಡುಕಬೇಕಾದದ್ದು ಆ ಅಂತರವನ್ನು. ಗೇಲಿಯೇ ಬೇರೆ, ವ್ಯಂಗ್ಯವೇ ಬೇರೆ. 15:16-20ರಲ್ಲಿ ಸಿಪಾಯಿಗಳು ಊದಾಬಣ್ಣದ ವಸ್ತ್ರ ಹೊದಿಸಿ, ಮುಳ್ಳಿನ ಕಿರೀಟ ಇಟ್ಟು, ಅರಸನೆಂದು ಅಡ್ಡಬೀಳುವುದು ಗೇಲಿ. ಅವರು ಆಡಿದ ಸುಳ್ಳೇ ನಿಜವಾಗಿರುವುದು ವ್ಯಂಗ್ಯ. 14:65ರಲ್ಲಿ ಒಳಗೆ “ಪ್ರವಾದನೆ ಹೇಳು” ಎಂದು ಯೇಸುವನ್ನು ಗುದ್ದುತ್ತಿರುವಾಗಲೇ ಹೊರಗೆ ಅಂಗಳದಲ್ಲಿ ಶಿಷ್ಯ ಪೇತ್ರ ಅವನನ್ನು ಅರಿಯೆನೆನ್ನುತ್ತಿದ್ದಾನೆ; ಹೀಗಾಗುತ್ತದೆ ಎಂದು ಯೇಸು 14:30ರಲ್ಲಿ ಹೇಳಿದ್ದ ಪ್ರವಾದನೆ ಪೇತ್ರನ ಬಾಯಿಂದಲೇ ನೆರವೇರುತ್ತಿದೆ. ಇಲ್ಲಿ ಚರ್ಚೆಯೇ ಬೇಕಾಗಲಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು 10:35-40. ಶಿಷ್ಯರಾದ ಯಾಕೋಬ, ಯೋಹಾನರು ಕೇಳುವುದು ಮಹಿಮೆಯಲ್ಲಿ ಬಲಗಡೆ ಒಂದು, ಎಡಗಡೆ ಒಂದು ಆಸನ. ನಾನು ಕುಡಿಯುವ ಪಾತ್ರೆಯಲ್ಲಿ ಕುಡಿಯಬಲ್ಲಿರಾ, ನಾನು ಹೊಂದುವ ದೀಕ್ಷಾಸ್ನಾನ ಹೊಂದಬಲ್ಲಿರಾ ಎಂದು ಯೇಸು ಕೇಳುತ್ತಾನೆ. ಆಗುತ್ತದೆ ಎನ್ನುತ್ತಾರೆ, ಥಟ್ಟನೆ. ಆ ಎರಡು ಜಾಗ ಯಾರಿಗೆ ಸಿದ್ಧವಾಗಿದೆಯೋ ಅವರಿಗೇ ಎಂದು ಯೇಸು ಮಾತು ನಿಲ್ಲಿಸುತ್ತಾನೆ. ಉತ್ತರ ಸಿಗುವುದು 15:27ರಲ್ಲಿ: ಬಲಗಡೆ ಒಬ್ಬ ಕಳ್ಳ, ಎಡಗಡೆ ಒಬ್ಬ. ಕೇಳಿದ ಅಣ್ಣತಮ್ಮಂದಿರು ಅಲ್ಲಿಲ್ಲ, 14:50ರಲ್ಲೇ ಶಿಷ್ಯರೆಲ್ಲ ಓಡಿಹೋಗಿದ್ದಾರೆ. ಸಿಂಹಾಸನ ಯಾವುದೆಂದು ತಿಳಿಯದೆ ಅವರು ಶಿಲುಬೆಯ ಪಕ್ಕವನ್ನೇ ಬೇಡಿದ್ದರು. ನಮ್ಮ ತೀರ್ಮಾನ: ಇಡೀ ಸುವಾರ್ತೆಯಲ್ಲಿ ವ್ಯಂಗ್ಯವೂ ದೀಕ್ಷಾಸ್ನಾನವೂ ಒಂದೇ ಗಂಟಿನಲ್ಲಿ ಬಿದ್ದಿರುವುದು ಇಲ್ಲಿ. ಉಳಿದ ನೀಲಿ ಗುರುತುಗಳನ್ನು ಈ ಜಾಗದಿಂದಲೇ ಅಳೆಯಬೇಕು.

ಇಲ್ಲಿ ಓದುಗರು ಜಾರುವುದಕ್ಕೆ ಒಂದು ಕಾರಣವಿದೆ. ಗೋವಾದಲ್ಲಿ ದೀಕ್ಷಾಸ್ನಾನ ಎಂದರೆ ಕಣ್ಣಮುಂದೆ ಬರುವುದು ಚರ್ಚಿನ ಕಲ್ಲಿನ ತೊಟ್ಟಿ (ಹಳೆ ಗೋವಾದ ಸೇ ಕೆಥೆಡ್ರಲ್‌ನಲ್ಲಿರುವುದು 1532ರದು), ಕೂಸಿನ ನೆತ್ತಿಯ ಮೇಲೆ ನಾಲ್ಕು ಹನಿ, ಮನೆಯಲ್ಲಿ ಊಟ. ಆ ಚಿತ್ರ ಇಟ್ಟುಕೊಂಡು ಓದಿದರೆ 10:38 ಮೆತ್ತಗಾಗುತ್ತದೆ. ಹಾಗಾಗಿ ಮೊದಲು ಕೀರ್ತನೆ 69:1-2 ಮತ್ತು 42:7ನ್ನು ಗಟ್ಟಿಯಾಗಿ ಓದಿ: ಕುತ್ತಿಗೆಗೆ ಬಂದ ನೀರು, ತಲೆಯ ಮೇಲೆ ಹಾಯುವ ತೆರೆ. ಆಮೇಲೆ ಲೂಕ 12:50; ಅಲ್ಲಿ ಯೇಸು ತನ್ನ ಮುಂದಿರುವ ಸಂಕಟವನ್ನೇ ದೀಕ್ಷಾಸ್ನಾನ ಎನ್ನುತ್ತಾನೆ. ಆಗ ಶಿಷ್ಯರ “ಆಗುತ್ತದೆ” ಎಷ್ಟು ದೊಡ್ಡ ಮಾತು ಎಂದು ತಾನಾಗಿ ಹೊಳೆಯುತ್ತದೆ.

ಕುರುಡ ಬಾರ್ತಿಮಾಯನ ಕಥೆ ಇದರ ಬೆನ್ನಿಗೇ ಬರುತ್ತದೆ. 10:36ರಲ್ಲಿ ಶಿಷ್ಯರಿಗೆ ಕೇಳಿದ ಪ್ರಶ್ನೆಯನ್ನೇ ಯೇಸು 10:51ರಲ್ಲಿ ಕುರುಡನಿಗೂ ಕೇಳುತ್ತಾನೆ: ನಾನು ನಿನಗೇನು ಮಾಡಬೇಕು? ಕಣ್ಣಿದ್ದವರು ಆಸನ ಬೇಡಿದರು, ಇವನು ಕಣ್ಣು ಬೇಡಿದ. ಕೆಂಪು ಗಟ್ಟಿ ಗೆರೆ, ಅಂದರೆ ಖಚಿತ. ಅವನು ಹೊದ್ದ ಬಟ್ಟೆ ಎಸೆದದ್ದನ್ನು ದೀಕ್ಷಾಸ್ನಾನಕ್ಕೆ ಮುಂಚೆ ಉಡುಪು ಕಳಚುವುದಕ್ಕೆ ಹೋಲಿಸುವವರಿದ್ದಾರೆ. ಬಟ್ಟೆಯೊಂದರಿಂದಲೇ ಅಷ್ಟು ಹೇಳಲಾಗದು. ಆದರೆ ಅವನು ಹಿಂಬಾಲಿಸುವ ದಾರಿ ಯೆರೂಸಲೇಮಿಗೆ, ಅಂದರೆ 10:38ರ ದೀಕ್ಷಾಸ್ನಾನಕ್ಕೇ ಹೋಗುತ್ತದೆ. ನೀಲಿ ಚುಕ್ಕೆಗೆರೆ, ಅಂದರೆ ಸಾಧ್ಯತೆ ಮಾತ್ರ.

ನೀಲಿಯ ಗಟ್ಟಿ ಗೆರೆ 1:10-11ರಿಂದ 15:38-39ಕ್ಕೆ. ಯೊರ್ದನಿನಲ್ಲಿ ಆಕಾಶ ಹರಿಯುತ್ತದೆ, ಶಿಲುಬೆಯ ಹೊತ್ತಿಗೆ ದೇವಾಲಯದ ಪರದೆ ಹರಿಯುತ್ತದೆ. ಅಲ್ಲಿ ಮಗನೆಂದು ಕರೆಯುವುದು ಆಕಾಶವಾಣಿ, ಇಲ್ಲಿ ಹಾಗೆನ್ನುವವನು ಮರಣದಂಡನೆಗೆ ಕಾವಲು ನಿಂತ ಶತಾಧಿಪತಿ.

ಇನ್ನೂ ತೀರ್ಮಾನವಾಗದೆ ಉಳಿದಿರುವುದು 14:51-52ರ ಯುವಕ. ನಾರುಬಟ್ಟೆ ಬಿಟ್ಟು ಬೆತ್ತಲೆ ಓಡುತ್ತಾನೆ. 15:46ರಲ್ಲಿ ಶವಕ್ಕೆ ಸುತ್ತುವುದೂ ನಾರುಬಟ್ಟೆ. 16:5ರಲ್ಲಿ ಸಮಾಧಿಯೊಳಗೆ ಬಿಳಿ ನಿಲುವಂಗಿಯ ಯುವಕ. ರೋಮಾಪುರದವರಿಗೆ ಪೌಲ ಬರೆದ ಪತ್ರದ 6:3-4ನ್ನು ಪಕ್ಕಕ್ಕಿಟ್ಟು ಓದಿದರೆ ಸತ್ತು, ಹೂಣಲ್ಪಟ್ಟು, ಹೊಸದಾಗಿ ಏಳುವ ದೀಕ್ಷಾರ್ಥಿಯೇ ಕಾಣುತ್ತಾನೆ. ಆಸೆ ಹುಟ್ಟಿಸುವ ಓದು. ಆದರೆ ಇಬ್ಬರೂ ಒಬ್ಬನೇ ಎಂದು ಮಾರ್ಕ ಎಲ್ಲೂ ಹೇಳುವುದಿಲ್ಲ, ಆಮೇಲಿನ ಕಾಲದ ವಿಧಿಯನ್ನು ಅವನ ಮೇಲೆ ಹೇರುವುದು ಸರಿಯಲ್ಲ. ಸಿರಿಯಾದ ದುರಾ ಯೂರೋಪೋಸ್‌ನಲ್ಲಿ ಸಿಕ್ಕ, 3ನೇ ಶತಮಾನದ ದೀಕ್ಷಾಸ್ನಾನದ ಕೋಣೆಯ ಗೋಡೆಯಲ್ಲಿ ನೀರಿನ ಮೇಲೆ ನಡೆಯುವ ಯೇಸುವಿನ ಚಿತ್ರವಿದೆ, ಸಾಲಾಗಿ ಹೋಗುವ ಹೆಂಗಸರ ಚಿತ್ರವೂ ಇದೆ. ಈ ಹೆಂಗಸರು ಸಮಾಧಿಗೆ ಹೊರಟವರು ಎಂಬ ಅಭಿಪ್ರಾಯ ಹಳೆಯದು. ಆ ಕಾಲದವರು ಸುವಾರ್ತೆಯ ಕಥೆಗಳನ್ನು ದೀಕ್ಷಾಸ್ನಾನದ ಜೊತೆಗಿಟ್ಟುಕೊಂಡಿದ್ದರು ಎನ್ನಲು ಅದು ಸಾಕು. ಮಾರ್ಕನ ಉದ್ದೇಶ ಅದೇ ಎನ್ನಲು ಸಾಲದು. ಇಂಥ ಸಾಮಗ್ರಿಯನ್ನು ಅಂಚಿನಲ್ಲಿ ಬರೆಯದೆ ಪ್ರತ್ಯೇಕ ಹಾಳೆಯಲ್ಲಿ ಇಡುತ್ತಿದ್ದೇವೆ.

ಮುಂದಿನದು 16:1-8. ಸುಮ್ಮನಿರು ಎಂದರೂ 1:44-45ರ ಕುಷ್ಠರೋಗಿ ಸಾರಿಕೊಂಡು ಹೋದ, ಹೇಳಿ ಎಂದರೂ 16:8ರ ಹೆಂಗಸರು ಹೆದರಿ ಬಾಯಿ ಬಿಡಲಿಲ್ಲ. ಈ ಎರಡನ್ನೂ ಎದುರುಬದುರು ಇಟ್ಟು ಕೆಂಪಿನ ಓದು ಶುರುವಾಗಲಿದೆ. 16:9-20 ಬೈಬಲಿನ ಬಹು ಹಳೆಯ ಪ್ರತಿಗಳಾದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ, ಆದ್ದರಿಂದ ಆ ಭಾಗವನ್ನು ಬೇರೆ ಹಾಳೆಯಲ್ಲಿ ಮುದ್ರಿಸಿಕೊಂಡು ಬನ್ನಿ.